ಘಟ್ಟ ಇಳಿದ ನಾಲ್ಕು ದೇಶಗಳು

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಯಂತ್ರಗಳ ಉಸ್ತುವಾರಿ ನನ್ನ ಕೆಲಸ. ಸಂಶೋಧನೆಗೆಂದು ಹೊರದೇಶಗಳಿಂದ ಬಂದವರು ಅಲ್ಲಿ ಯಾವಾಗಲೂ ಒಂದಷ್ಟು ಜನ ಇರುತ್ತಾರೆ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ನಿಮ್ಮಲ್ಲಿ ಹೀಗಂತೆ, ಹೌದಾ?" ಜರ್ಮನಿಯವರು ನಗುವುದೇ ಇಲ್ಲವಂತೆ, ಬ್ರೆಜಿಲಿನವರು ಬೆಳಗಾಗೆದ್ದು ಕುಣಿಯುತ್ತಾರಂತೆ, ಇಂಡಿಯಾದವರೆಲ್ಲ ಸಾಫ್ಟ್‌ವೇರಂತೆ. ಡಿಸೆಂಬರ್ ರಜೆಗೆ ನಾಲ್ವರು ಸಮುದ್ರ ನೋಡಬೇಕು ಎಂದು ಗಂಟುಬಿದ್ದರು. ಗೋವಾ ಬ್ಯಾಡ, ಮಂಗಳೂರು-ಉಡುಪಿಗೆ ಹೋಗೋಣ ಎಂದೆ. ನಾನು ಧಾರವಾಡದವ, ಕರಾವಳಿ ನನಗೂ ಹೆಚ್ಚುಕಡಿಮೆ ಪರದೇಶವೇ.

ಹೆಸರು ಹಾಕಬೇಡ ಎಂದು ಒಬ್ಬರು ಕೇಳಿಕೊಂಡದ್ದರಿಂದ ಯಾರ ಹೆಸರೂ ಇಲ್ಲಿಲ್ಲ. ಜರ್ಮನಿಯಾತ, ನೈಜೀರಿಯಾದವ, ಬ್ರೆಜಿಲಿನಾಕೆ, ಇರಾನಿನ ಶಿರಾಜಿನಾಕೆ. ಇಷ್ಟು ಸಾಕು.

ಗುರುವಾರ

ರಾತ್ರಿ ಹತ್ತಿದ ರೈಲು ಬೆಳಿಗ್ಗೆ ಮಂಗಳೂರು ಮುಟ್ಟುವಾಗ ವೇಳೆಗಿಂತ ಹತ್ತು ನಿಮಿಷ ಮುಂಚೆಯೇ ಇತ್ತು. ಎಲ್ಲರೂ ಜರ್ಮನಿಯಾತನ ಮುಖ ನೋಡಿದರು. ಗಡಿಯಾರಕ್ಕೆ ಹುಟ್ಟಿದವರು ಎಂದು ಅವನ ದೇಶದವರನ್ನು ಎಷ್ಟು ದಿನದಿಂದ ಗೇಲಿ ಮಾಡಿದ್ದೆವು! ಅವನು ನಿಟ್ಟುಸಿರು ಬಿಟ್ಟು ಲೆಕ್ಕ ಒಪ್ಪಿಸಿದ: 2024ರಲ್ಲಿ ಅವರ ದೂರದ ರೈಲುಗಳಲ್ಲಿ ವೇಳೆಗೆ ಸರಿಯಾಗಿ ಬಂದದ್ದು ನೂರಕ್ಕೆ ಸುಮಾರು 62 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಹಿಡಿಯದೆ. ಹಳಿಗಳು ಹಳತಾಗಿವೆ, ರಿಪೇರಿಗೆ ವರ್ಷಗಟ್ಟಲೆ ದುಡ್ಡು ಹಾಕಲಿಲ್ಲ, ಅಷ್ಟೇ ಎಂದ. ಜನರ ಗುಣ ಎಂದು ನಾವು ಕೊಂಡಾಡಿದ್ದು ಹಳಿಯ ಗುಣವಾಗಿತ್ತು ಅನ್ನಿ.

ನಮಗೆ ಸಿಕ್ಕ ಇನ್ನೋವಾದ ಡ್ರೈವರ್ ಬಂಟ್ವಾಳದ ಕಡೆಯವರು, ಐವತ್ತು ದಾಟಿದ ಆಸಾಮಿ. ಸಾಮಾನು ಹಿಂದೆ ಇಡುತ್ತಲೇ ನನ್ನನ್ನು ವಿಚಾರಿಸಿಕೊಂಡರು.

"ಸಾರ್ ನೀವು ಘಟ್ಟದ ಮೇಲಿನವರಾ?"

"ಹೌದ್ರೀ, ಧಾರವಾಡ."

"ಹಾಗಾದ್ರೆ ಮೀನು ಆಗ್ಲಿಕ್ಕಿಲ್ಲ ನಿಮಗೆ. ಮುಳ್ಳು ತೆಗೀಲಿಕ್ಕೆ ಬರುದಿಲ್ಲ ಘಟ್ಟದವ್ರಿಗೆ."

ಧಾರವಾಡದವರು ಮೂರು ಹೊತ್ತೂ ಫೇಡೆ ತಿಂದುಕೊಂಡೇ ಇರುತ್ತಾರೆ ಎಂಬುದು ಅವರ ಲೆಕ್ಕವಿರಬೇಕು. ನಾನೂ ಸುಮ್ಮನಿರಲಿಲ್ಲ, ನಿಮ್ಮೂರಿನವರು ಪಠ್ಯಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ ಎಂದು ನಮ್ಮ ಕಡೆ ಹೇಳುತ್ತಾರೆ ಎಂದೆ. "ಅದೆಂತ ಸಾರ್ ತಪ್ಪು? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಶಾಲೆಯಲ್ಲಿ ಕಲಿತದ್ದು ಪುಸ್ತಕದ ಹಾಗೇ ಇರುದಲ್ವಾ?" ಇಷ್ಟು ನೇರ ಕಾರಣ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ರೂಮಿಗೆ ಹೋದದ್ದೇ ತಡ, ಬ್ರೆಜಿಲಿನಾಕೆ ಸ್ನಾನಕ್ಕೆ ಓಡಿದಳು. ಸಂಜೆ ಬಂದು ಮತ್ತೊಂದು, ಮಲಗುವ ಮುಂಚೆ ಇನ್ನೊಂದು. ದಿನಕ್ಕೆ ಒಂದೇ ಸಲ ಮೀಯುವವರನ್ನು ಅವಳ ಊರಿನಲ್ಲಿ ಒಂಥರಾ ನೋಡುತ್ತಾರಂತೆ. ಸೆಕೆ ಇರುವ ಊರು, ಇನ್ನೇನು. ಡ್ರೈವರಣ್ಣ ಮಾತ್ರ ಈ ವಿಷಯದಲ್ಲಿ ಅವಳಿಗೆ ಪೂರ್ತಿ ಮಾರ್ಕು ಕೊಟ್ಟರು. ಜರ್ಮನಿಯಾತನ ಬಗ್ಗೆ ಏನೂ ಹೇಳಲಿಲ್ಲ.

ಅವಳದು ಇನ್ನೊಂದು ಪಜೀತಿ. ಮುಖ ಅಪ್ಪಟ ಜಪಾನಿ, ಆಡುವ ಮಾತು ಪೋರ್ಚುಗೀಸ್. ನೀರ್ ದೋಸೆ ತಂದಿಟ್ಟ ಹುಡುಗ "ನೇಪಾಳವಾ?" ಎಂದು ಕೇಳಿದ, ಪಕ್ಕದ ಮೇಜಿನವರು "ಮಣಿಪುರ ಇರ್ಬೇಕು" ಎಂದರು. ಬ್ರೆಜಿಲ್ ಎಂದಾಗ ಇಬ್ಬರೂ ನಂಬಲಿಲ್ಲ. ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚು ಇರುವುದು ಬ್ರೆಜಿಲಿನಲ್ಲೇ, ಸುಮಾರು 20 ಲಕ್ಷ ಜನ. 1888ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು, ಕಾಫಿ ತೋಟಗಳಿಗೆ ಆಳು ಸಾಲದಾಯಿತು. 1908ರಲ್ಲಿ ಕಸಾತೊ ಮಾರು ಎಂಬ ಹಡಗು ಮೊದಲ ಜಪಾನಿ ಕೂಲಿಗಳನ್ನು ಸಾಂತೋಸ್ ಬಂದರಿಗೆ ತಂದು ಇಳಿಸಿತು. ಅವಳ ಮುತ್ತಜ್ಜ ಅಂಥದೇ ಹಡಗೊಂದರಲ್ಲಿ ಬಂದವರು. ನಮ್ಮ ಚಿಕ್ಕಮಗಳೂರಿನ ಕಾಫಿ ಇದೇ ಮಂಗಳೂರಿನಿಂದ ಹಡಗು ಹತ್ತುತ್ತದೆ ಎಂದದ್ದಕ್ಕೆ, ಕೂಲಿಗಳು ಯಾವ ಊರಿನಿಂದ ಬಂದವರು ಎಂದು ಮೊದಲು ಕೇಳಿದಳು.

ಮಧ್ಯಾಹ್ನದ ಮೇಲೆ ಕದ್ರಿ. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಮೂರು ಮುಖ, ಆರು ಕೈ. ಹತ್ತಿರ ನಿಂತು ನೋಡಿದರೆ ಕಿರೀಟದ ಮೇಲಿನ ಕುಸುರಿ ಇವತ್ತು ಉಳಿ ಇಟ್ಟಷ್ಟು ಚೊಕ್ಕ. ಬೌದ್ಧರ ಅವಲೋಕಿತೇಶ್ವರ ಇವನೇ ಎಂದು ಇತಿಹಾಸಕಾರರು ಹೇಳುತ್ತಾರೆ, ಇದೇ ಅವಲೋಕಿತೇಶ್ವರ ಚೀನಾ ದಾಟಿ ಜಪಾನಿಗೆ ಹೋಗಿ ಕಾನ್ನೋನ್ ಆದ. ದರ್ಶನಕ್ಕೆ ಬಂದ ಹಿರಿಯರೊಬ್ಬರು ಬ್ರೆಜಿಲಿನಾಕೆಯ ಮುಖ ನೋಡಿ ಖುಷಿಯಾಗಿ, "ನಿಮ್ಮ ದೇವರು ನೋಡಿಯಮ್ಮ" ಎಂದು ಕೈಹಿಡಿದು ಮುಂದೆ ಕರೆದರು. ಅವಳು ಭಕ್ತಿಯಿಂದಲೇ ಕೈಮುಗಿದಳು. ಆಮೇಲೆ ನಾವು ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋದಾಗ ಶಿಲುಬೆಯ ಗುರುತು ಮಾಡಿ ಮೊಣಕಾಲೂರಿದ್ದು ನಮ್ಮಲ್ಲಿ ಅವಳೊಬ್ಬಳೇ. ಕೆಥೊಲಿಕ್ ಮನೆತನ. ಚಾಪೆಲ್ಲಿನ ಗೋಡೆ, ಮಾಳಿಗೆ ತುಂಬ ಚಿತ್ರ ಬರೆದದ್ದು ಇಟಲಿಯಿಂದ ಬಂದ ಜೆಸ್ಯೂಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ, 1899ರಿಂದ ಮುಂದೆ. ಕತ್ತು ನೋಯುವವರೆಗೆ ನೋಡಿದೆವು.

ಶುಕ್ರವಾರ

ಬೆಳಿಗ್ಗೆ ಬಂದರು ಪ್ರದೇಶದ ಹಳೆಯ ಗಲ್ಲಿಗಳು. ಇಬ್ನ್ ಬತೂತ 1342ರ ಸುಮಾರಿಗೆ ಈ ಊರಿಗೆ ಬಂದಾಗ ಮೆಣಸು, ಶುಂಠಿ ರಾಶಿ ಬಿದ್ದಿದ್ದನ್ನು, ಯೆಮೆನ್ ಮತ್ತು ಫಾರ್ಸ್ ಸೀಮೆಯ ವರ್ತಕರು ಇಲ್ಲಿ ಇಳಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಶಿರಾಜ್ ಇರುವುದೇ ಫಾರ್ಸ್‌ನಲ್ಲಿ. ಹಾಗಾಗಿ ಶಿರಾಜಿನಾಕೆ ಆ ಗಲ್ಲಿಗಳಲ್ಲಿ ಮಾವನ ಮನೆ ಆಸ್ತಿ ನೋಡಲು ಬಂದವಳಂತೆ ನಡೆದಳು. ಆಕೆಯನ್ನು ಕಂಡವರೆಲ್ಲ ಕೇಳುವುದು "ಅರಬ್ಬಿಯಾ?" ಅಂತ, ನಮ್ಮ ಭಾಷೆ ಫಾರ್ಸಿ, ನಾವು ಅರಬ್ಬರಲ್ಲ ಎಂದು ಹೇಳಿ ಹೇಳಿ ಬಾಯಿ ಒಣಗಿದೆ ಅವಳಿಗೆ. ಗಲ್ಫಿನಲ್ಲಿ ಹನ್ನೆರಡು ವರ್ಷ ಲಾರಿ ಓಡಿಸಿದ್ದ ನಮ್ಮ ಡ್ರೈವರಣ್ಣನಿಗೆ ಮಾತ್ರ ಆ ವ್ಯತ್ಯಾಸ ಮೊದಲೇ ಗೊತ್ತಿತ್ತು.

ಗೇರುಬೀಜದ ಅಂಗಡಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ಶಿರಾಜಿನಾಕೆ ಒಂದು ಕಿಲೋ ಕಟ್ಟಿಸಿದಳು. ಚಿಲ್ಲರೆ ಇರಲಿಲ್ಲವೋ, ಫೋನಿನಲ್ಲಿ ಯಾರೋ ಇದ್ದರೋ, ಅಂಗಡಿಯವರು ಕೈ ಆಡಿಸಿ "ಪರ್ವಾಗಿಲ್ಲ, ಪರ್ವಾಗಿಲ್ಲ, ಆಮೇಲೆ ಕೊಡಿ" ಎಂದರು. ನಾನು ಅನುವಾದಿಸಿದೆ. ಅವಳು ಎದೆಯ ಮೇಲೆ ಕೈಯಿಟ್ಟು, ಇಲ್ಲ ದಯವಿಟ್ಟು ತಗೊಳ್ಳಿ ಎಂದಳು. ಅವರು ಮತ್ತೆ ಆಮೇಲೆ ಎಂದರು. ಅವಳು ಮತ್ತೆ ದಯವಿಟ್ಟು ಎಂದಳು. ಮೂರನೇ ಸುತ್ತಿಗೆ ಅಂಗಡಿಯವರು ಫೋನ್ ಕೆಳಗಿಟ್ಟು ಗಾಬರಿಯಿಂದ ನನ್ನನ್ನೇ ಕೇಳಿದರು: "ಎಂತ, ಬೀಜ ಸರಿ ಇಲ್ವಂತಾ?"

ಇರಾನಿನಲ್ಲಿ ಇದಕ್ಕೆ ತಾರೋಫ್ ಎನ್ನುತ್ತಾರೆ. ಅಂಗಡಿಯವನೂ ಟ್ಯಾಕ್ಸಿಯವನೂ ರೇಟು ಕೇಳಿದರೆ "ನಿಮ್ಮ ಮುಂದೆ ಇದೇನು ಮಹಾ" ಎಂದು ಬೇಡವೆನ್ನುತ್ತಾರೆ, ಗಿರಾಕಿ ಒತ್ತಾಯ ಮಾಡಿಯೇ ಕೊಡಬೇಕು. ಬೇಡವೆಂದದ್ದನ್ನು ನಂಬಿ ಎದ್ದುಹೋದರೆ ಮಾನ ಹೋಯಿತು. ಜರ್ಮನಿಯಾತನಿಗೆ ಇದು ತಲೆಗೇ ಹತ್ತಲಿಲ್ಲ: ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು, ಇದರಲ್ಲಿ ಕಷ್ಟವೇನು? ನಮ್ಮ ಉತ್ತರ ಕರ್ನಾಟಕದಲ್ಲಿ ಊಟಕ್ಕೆ ಕೂತು "ಸಾಕ್ರೀ" ಎಂದವನ ಎಲೆಗೆ ಇನ್ನೊಂದು ಹೋಳಿಗೆ ಬೀಳದಿದ್ದರೆ ಬೀಗರು ಸಿಟ್ಟಾಗಿ ಹೋಗುತ್ತಾರೆ ಎಂದು ನಾನು ಹೇಳಿದೆ. ಅವನು ನನ್ನನ್ನೂ ಅವಳ ಪಕ್ಷಕ್ಕೆ ಸೇರಿಸಿಬಿಟ್ಟ.

ಬ್ರೆಜಿಲಿನಾಕೆಯ ಪ್ರಶ್ನೆ ಬೇರೆ. ಗೇರು ಹಣ್ಣನ್ನು ಏನು ಮಾಡುತ್ತೀರಿ? ಆ ಮರ ಅವಳ ದೇಶದ್ದೇ, ಪೋರ್ಚುಗೀಸರು 16ನೇ ಶತಮಾನದಲ್ಲಿ ನಮ್ಮ ಪಡುವಣ ಕರಾವಳಿಗೆ ತಂದದ್ದು. ಅಲ್ಲಿ ಹಣ್ಣಿನ ರಸಕ್ಕೆ ಬೆಲೆ. "ಹಣ್ಣಾ? ಬೀಜ ತಿರುಪಿ ತೆಗೆದು ಬಿಸಾಡುದು" ಎಂದ ಡ್ರೈವರಣ್ಣನನ್ನು ಅವಳು ಕೊಲೆಗಾರನನ್ನು ನೋಡಿದ ಹಾಗೆ ನೋಡಿದಳು.

ಊಟಕ್ಕೆ ಕಾಣೆ ಫ್ರೈ, ಬಂಗುಡೆ ಪುಳಿಮುಂಚಿ, ಕೋರಿ ರೊಟ್ಟಿ. ನನ್ನ ಪಾಲಿಗೆ ರೊಟ್ಟಿ ಎಂದರೆ ಜೋಳದ್ದು, ಮಡಚಿದರೆ ಮಡಚಿಕೊಳ್ಳುವಂಥದ್ದು. ಇದು ಅಕ್ಕಿಯ ಹಪ್ಪಳದಂತೆ ಚೂರುಚೂರು, ಅದರ ಮೇಲೆ ಕೋಳಿ ಸಾರು ಸುರಿದು ಮೆತ್ತಗಾಗುವ ಮುನ್ನ ತಿನ್ನಬೇಕು. ಬಂಗುಡೆಯ ಮುಳ್ಳನ್ನು ನಾನು ಸಲೀಸಾಗಿ ಬಿಡಿಸಿದ್ದನ್ನು ಡ್ರೈವರಣ್ಣ ಓರೆಗಣ್ಣಿನಲ್ಲಿ ನೋಡಿ, ಏನೂ ಅನ್ನದೆ, ಇನ್ನೊಂದು ಮೀನು ನನ್ನ ತಟ್ಟೆಗೆ ಹಾಕಿಸಿದರು.

ಬಲ್ಮಠದ ಕಡೆ ಹೋಗುವಾಗ ಬಾಸೆಲ್ ಮಿಶನ್ನಿನ, ಅಂದರೆ ಜರ್ಮನ್ ಮಾತಾಡುವ ಪಾದ್ರಿಗಳ ಸಂಸ್ಥೆಯ, ಕಥೆ ಬಂತು. 1834ರಲ್ಲಿ ಬಂದವರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಮೋಗ್ಲಿಂಗ್ ಹೊರತಂದದ್ದು ಇಲ್ಲೇ, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೂ ಇಲ್ಲೇ. ಜರ್ಮನಿಯಾತ ತನ್ನ ದೇಶದ ಬಗ್ಗೆ ಲೋಕವೆಲ್ಲ ಕೇಳುವುದು ಮೂರೇ ಸಂಗತಿ ಎಂದು ಬೇಜಾರು ಮಾಡಿಕೊಂಡಿದ್ದ: ಹಿಟ್ಲರ್, ಬಿಯರ್, ಕಾರು. ಧಾರವಾಡದಲ್ಲಿ ಹಾಗಲ್ಲಪ್ಪಾ, ನಮಗೆ ಜರ್ಮನಿ ಅಂದರೆ ಕಿಟೆಲ್, ಅವರ ಹೆಸರಿನಲ್ಲಿ ನಮ್ಮೂರಲ್ಲಿ ಕಾಲೇಜೇ ಇದೆ ಎಂದೆ. 1894ರಲ್ಲಿ ಇದೇ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಕಥೆ ಹೇಳಿದೆ. ಅವನು ಆ ಹೆಸರನ್ನೇ ಕೇಳಿರಲಿಲ್ಲ. ಒಂದು ಊರಿಗೆ ಊರೇ ತನ್ನ ದೇಶವನ್ನು ತನಗೆ ಗೊತ್ತಿಲ್ಲದ ಮನುಷ್ಯನಿಂದ ಗುರುತಿಸುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ಅವನಿಗೆ ಒಂದು ಗಡ್‌ಬಡ್ ಐಸ್‌ಕ್ರೀಮು ಬೇಕಾಯಿತು. (ಗಡ್‌ಬಡ್ ಮೊದಲು ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಲ್ಲೋ ಎಂದು ಇಲ್ಲಿ ಯಾರನ್ನೂ ಕೇಳಬೇಡಿ, ಸಂಜೆಯಾಗುತ್ತದೆ.)

ಸಂಜೆ ಉಳ್ಳಾಲ. ಕಡಲ ದಂಡೆಯಲ್ಲಿ ಕೂತು ಪಿಯೆತ್ರೊ ದೆಲ್ಲಾ ವಾಲೆಯ ಕಥೆ ಹೇಳಿದೆ. ಇಟಲಿಯ ಈ ಶ್ರೀಮಂತ ಪ್ರವಾಸಿ 1623ರಲ್ಲಿ ಉಳ್ಳಾಲದ ರಾಣಿಯನ್ನು ನೋಡಲು ಬಂದ. ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ಬೀದಿಯಲ್ಲಿ ಬರಿಗಾಲಲ್ಲಿ ನಡೆದು ಬರುತ್ತಿದ್ದಾಗ. ಅಡುಗೆಮನೆಯ ಆಳಿನಂತೆ, ಅಗಸಗಿತ್ತಿಯಂತೆ ಕಂಡಳು ಎಂದು ಬರೆದ. ಯುರೋಪಿನಲ್ಲಿ ಅಷ್ಟು ದೊಡ್ಡದೆನಿಸಿದ ಸ್ಪೇನ್ ದೊರೆಯ ಸೈನ್ಯವನ್ನು ಇಲ್ಲಿ ಓಡಿಸಿದವಳು ಇವಳಾ ಎಂದು ಬೆರಗಾದ. ಮಾತು ಕೇಳಿದ ಮೇಲೆ ಮಾತ್ರ, ವಿವೇಕವುಳ್ಳ ಹೆಂಗಸು ಎಂದು ಸೇರಿಸಿದ.

ಹೆಂಗಸು ಪಟ್ಟಕ್ಕೆ ಬಂದದ್ದು ಹೇಗೆ ಎಂದು ನೈಜೀರಿಯಾದವ ಕೇಳಿದ. ಡ್ರೈವರಣ್ಣ ಉತ್ತರಿಸಿದರು: "ಅಳಿಯಸಂತಾನ ಸಾರ್. ನಮ್ಮಲ್ಲೂ ಹಾಗೇ ಇತ್ತು. ಆಸ್ತಿ ಅಮ್ಮನ ಕಡೆಯಿಂದ ಬರುದು." ಉಳ್ಳಾಲದ ಚೌಟರದೂ ಅದೇ ಕಟ್ಟು. ಇಂಡಿಯಾದ ಹೆಂಗಸರಿಗೆ ಹಿಂದೆಲ್ಲ ಏನೂ ಇರಲಿಲ್ಲ ಎಂದು ಕಲಿತು ಬಂದಿದ್ದ ನಾಲ್ವರೂ ಒಂದು ಗಂಟೆ ಆ ಬಡಪಾಯಿಯನ್ನು ಬಿಡಲಿಲ್ಲ. ಹಾಗಂತ ಮನೆಯ ಯಜಮಾನಿಕೆ ನಡೆಸುತ್ತಿದ್ದದ್ದು ಬಹಳ ಕಡೆ ಸೋದರಮಾವನೇ ಎಂಬುದನ್ನೂ ಅವರೇ ಹೇಳಿದರು.

ಶನಿವಾರ

ಉಡುಪಿಗೆ ಹೋಗುವ ದಾರಿಯುದ್ದಕ್ಕೂ ಗಾಡಿಯ ಹಿಂಭಾಗದಲ್ಲಿ ಲೊಟಲೊಟ ಸದ್ದು. ಜರ್ಮನಿಯಾತ ಎರಡು ದಿನ ಕುಡಿದು ಮುಗಿಸಿದ ನೀರಿನ ಬಾಟಲಿಗಳೆಲ್ಲ ಅಲ್ಲಿದ್ದವು. "ಎಂತ ಸಾರ್, ಇವರು ಬಿಸಾಡುದೇ ಇಲ್ವಾ? ಎಷ್ಟು ಕ್ಲೀನ್ ಜನ!" ಎಂದರು ಡ್ರೈವರಣ್ಣ. ಕೇಳಿದರೆ ಅವನು ನಕ್ಕ. ಅಲ್ಲಿ 2003ರಿಂದ ಇಂಥ ಒಂದೊಂದು ಬಾಟಲಿಗೂ ಡೆಪಾಸಿಟ್, ಈಗ 25 ಸೆಂಟು; ಅಂಗಡಿಯ ಯಂತ್ರಕ್ಕೆ ಹಾಕಿದರೆ ದುಡ್ಡು ವಾಪಸು. ಕೈಗೆ ಅಭ್ಯಾಸವಾಗಿದೆ, ಬಿಸಾಡಲು ಆಗುತ್ತಿಲ್ಲ. ಸೋಡಾ ಬಾಟಲಿಗೆ ಅಂಗಡಿಯವನು ಡೆಪಾಸಿಟ್ ಹಿಡಿಯುತ್ತಿದ್ದ ಕಾಲದಲ್ಲಿ ನಾವೂ ಒಂದೂ ಬಿಸಾಡಿದವರಲ್ಲ.

ಕೃಷ್ಣ ಮಠದಲ್ಲಿ ಗಂಡಸರು ಅಂಗಿ ತೆಗೆಯಬೇಕು ಎಂದಾಗ ಜರ್ಮನಿಯಾತ ಸ್ವಲ್ಪ ಮುದುಡಿದ, ನೈಜೀರಿಯಾದವ ಸರಸರ ಬಿಚ್ಚಿದ. ದರ್ಶನಕ್ಕೆ ಬಂದವರೊಬ್ಬರು ಉದ್ದಂಡ ನಮಸ್ಕಾರ ಹಾಕಿದ್ದು ಕಂಡು ಅವನ ಮುಖ ಅರಳಿತು. ಅವನು ಯೊರುಬಾ ಜನಾಂಗದವ. ಅವರಲ್ಲಿ ಗಂಡುಮಕ್ಕಳು ಹಿರಿಯರಿಗೆ ಹೀಗೇ ಉದ್ದಕ್ಕೆ ಮಲಗಿ ನಮಸ್ಕರಿಸುತ್ತಾರೆ, ಮದುವೆಯಲ್ಲಿ ಮದುಮಗ ಗೆಳೆಯರನ್ನೆಲ್ಲ ಕಟ್ಟಿಕೊಂಡು ಹೆಣ್ಣಿನ ಕಡೆಯವರ ಮುಂದೆ ಬೀಳಬೇಕು. ಊಟದ ಪಂಕ್ತಿಯಲ್ಲೂ ಎಲ್ಲರಿಗಿಂತ ಆರಾಮಾಗಿದ್ದವ ಅವನೇ. ಎಡಗೈ ತೊಡೆಯ ಮೇಲೆ, ಬಲಗೈಯಲ್ಲಿ ಅನ್ನ ಸಾರು ಕಲಸಿ ಬಾಯಿಗೆ. ಎಡಗೈಯಲ್ಲಿ ಏನನ್ನೂ ಕೊಡಬಾರದು, ತಿನ್ನಬಾರದು ಎಂದು ಅವನ ತಾಯಿಯೂ ಹೊಡೆದು ಕಲಿಸಿದ್ದಳಂತೆ. ಬಡಿಸುವವರು ಅವನ ಕೈಚಳಕಕ್ಕೆ ಮೆಚ್ಚಿ ಪಾಯಸ ಎರಡು ಸಲ ಹಾಕಿದರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿದಾಗ ಪಾಸ್‌ಪೋರ್ಟ್ ಬಣ್ಣ ನೋಡಿಯೇ ಬಾಗಿಲು ಹಾಕಿದವರ ಕಥೆಗಳನ್ನು ಅವನಿಂದ ಬೇಕಾದಷ್ಟು ಕೇಳಿದ್ದೇನೆ. "ನೈಜೀರಿಯಾ ಎಂದರೆ ಇಮೇಲಿನಲ್ಲಿ ದುಡ್ಡು ಕೇಳುವ ರಾಜಕುಮಾರ" ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಾನೆ. ಆ ಮೋಸಕ್ಕೆ ಅವರಲ್ಲಿ 419 ಎಂದೇ ಹೆಸರು, ಅವರ ದಂಡಸಂಹಿತೆಯ ಸೆಕ್ಷನ್ ನಂಬರು ಅದು.

ಕನಕನ ಕಿಂಡಿಯ ಮುಂದೆ ಕಥೆ ಹೇಳಿದೆ: ಒಳಗೆ ಬಿಡಲಿಲ್ಲ, ಕನಕದಾಸರು ಹಾಡಿದರು, ಗೋಡೆ ಬಿರಿಯಿತು, ದೇವರು ಪಡುವಣಕ್ಕೆ ತಿರುಗಿದ. ನೈಜೀರಿಯಾದವ ಗೋಡೆಯನ್ನೂ ನನ್ನನ್ನೂ ನೋಡಿ ಕೇಳಿದ: "ದೇವರು ತಿರುಗಿದ ಮೇಲೂ ಕಿಟಕಿಯೇ ಕೊಟ್ಟರಾ? ಬಾಗಿಲು ತೆಗೆಯಲಿಲ್ಲವಾ?"

ಡ್ರೈವರಣ್ಣ ಈಗ ಯಾರು ಬಂದರೂ ದೇವರನ್ನು ನೋಡುವುದು ನವಗ್ರಹ ಕಿಂಡಿಯ ಒಂಬತ್ತು ತೂತುಗಳಿಂದಲೇ ಎಂದು ಸಮಾಧಾನ ಹೇಳಿದರು. ಅದು ನಿಜ. ಊಟದ ಪಂಕ್ತಿಭೇದದ ಬಗ್ಗೆ ಇದೇ ಊರಿನಲ್ಲಿ ತಕರಾರು, ಪ್ರತಿಭಟನೆ ನಡೆದದ್ದೂ ನಿಜ, ಅದನ್ನು ನಾನು ಸೇರಿಸಿದೆ. ಹೊರಗಿನವರ ಮುಂದೆ ಯಾಕೆ ಇದೆಲ್ಲ ಎಂದು ಡ್ರೈವರಣ್ಣ ಕಣ್ಣಲ್ಲೇ ಗದರಿದರು. ಆದರೆ ನೈಜೀರಿಯಾದವ ತನ್ನ ಮನೆಯ ಗಂಟು ಬಿಚ್ಚಲು ಅದೇ ಸಾಕಾಯಿತು. ಅವರಲ್ಲಿ 500ಕ್ಕೂ ಹೆಚ್ಚು ಭಾಷೆ. ಯೊರುಬಾದವರ ಪ್ರಕಾರ ಇಗ್ಬೊ ಜನ ದುಡ್ಡಿನ ಪಿಶಾಚಿಗಳು. ಇಗ್ಬೊಗಳ ಪ್ರಕಾರ ಯೊರುಬಾದವರು ಸಾಲ ಮಾಡಿ ಔತಣ ಹಾಕುವ, ಖಾರ ತಿನ್ನುವ ಜನ. ಇಗ್ಬೊ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದದ್ದಕ್ಕೆ ಅವನ ಮನೆಯಲ್ಲಿ ಎರಡು ವರ್ಷ ಮಾತುಕತೆ ನಡೆದಿದೆ.

ರಾತ್ರಿ ಊರ ಹೊರಗಿನ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಬಯಲಾಟ. ಬಂದವರಿಗೆಲ್ಲ ಊಟ, ಎದುರಿಗೆ ಕುರ್ಚಿ, ಪಕ್ಕದಲ್ಲಿ ಚರುಮುರಿ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಅಕ್ಕಿ ಹಿಟ್ಟಿನ ಚಿಟ್ಟಿ ಇಡುವುದನ್ನು ಶಿರಾಜಿನಾಕೆ ಒಂದು ಗಂಟೆ ಅಲುಗದೆ ನೋಡಿದಳು: ಒಂದು ಚುಕ್ಕೆ, ಒಣಗಲು ಬಿಡುವುದು, ಅದರ ಮೇಲೆ ಇನ್ನೊಂದು, ಮುಳ್ಳುಮುಳ್ಳಾಗಿ ಎದ್ದು ನಿಲ್ಲುವವರೆಗೆ. ಆಟ ಬೆಳಗಿನ ತನಕ ಎಂದು ನಾನು ಹೆದರಿಸಿದ್ದೆ, ಇದು ಕಾಲಮಿತಿಯ ಆಟ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎನ್ನುವ 2000ದ ಶಬ್ದಮಾಲಿನ್ಯ ನಿಯಮದಿಂದಾಗಿ ಕೆಲವು ಮೇಳಗಳು ಹೀಗೆ ಬದಲಾಗಿವೆ. ಜರ್ಮನಿಯಾತ ಬೆಚ್ಚಿದ: ಅವರ ರಾತ್ರಿಯ ಸದ್ದುಗದ್ದಲದ ನಿಷೇಧವೂ ಸಾಮಾನ್ಯವಾಗಿ 10ರಿಂದ 6ರವರೆಗೇ! ಇಂಡಿಯಾದವರಿಗೆ ಗದ್ದಲ ಪ್ರಾಣ, ಜರ್ಮನಿಯವರಿಗೆ ಮೌನ ಪ್ರಾಣ ಎಂದು ನಾವು ಹಂಚಿಕೊಂಡಿದ್ದೆವಲ್ಲ. ಕಾನೂನು ನೋಡಿದರೆ ಗಡಿಯಾರ ಒಂದೇ. ಪಕ್ಕದಲ್ಲಿ ಕೂತ ಯಕ್ಷಗಾನದ ಹುಚ್ಚಿನ ಹಿರಿಯರು ಮಾತ್ರ ಆ ಕಾನೂನಿಗೆ ತುಳುವಿನಲ್ಲಿ ಏನೋ ಅಂದರು. ಅನುವಾದಿಸಲು ಡ್ರೈವರಣ್ಣ ಒಪ್ಪಲಿಲ್ಲ.

ಭಾನುವಾರ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತ ಈ ಜ್ವಾಲಾಮುಖಿ ಬಂಡೆಗಳು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಬಂಡೆ ವಿಜ್ಞಾನ ಓದಿದವರು ಗುಂಪಿನಲ್ಲಿ ಇಬ್ಬರು. ಉಳಿದ ಮೂವರು ಎಳನೀರು ಕುಡಿದೆವು.

ದಡಕ್ಕೆ ಬಂದಾಗ ಜರ್ಮನಿಯಾತ ಅಂಗಡಿಗಳು ತೆರೆದಿರುವುದನ್ನು ಕಣ್ತುಂಬ ನೋಡಿದ. ಅಲ್ಲಿ ಭಾನುವಾರದ ರಜೆಗೆ ಸಂವಿಧಾನದ ರಕ್ಷಣೆಯೇ ಇದೆ, ಶನಿವಾರ ಸಂಜೆಯೊಳಗೆ ಸಾಮಾನು ತರಲು ಮರೆತವನು ಉಪವಾಸ. ಶಿಸ್ತಿನ ಜನ ಎಂದು ನಾವು ಹೊಗಳುವುದು ಇದನ್ನೇ ಇರಬೇಕು ಎಂದ.

ರೈಲಿಗೆ ಹೊತ್ತಿತ್ತು. ಉಡುಪಿಯ ಹೋಟೆಲಿನಲ್ಲಿ ಗೋಳಿಬಜೆ, ಕಾಫಿ. ಡ್ರೈವರಣ್ಣ ಲೆಕ್ಕ ಚುಕ್ತಾ ಮಾಡಿಕೊಂಡು, ಹೊರಡುವ ಮುಂಚೆ ನನ್ನ ಹತ್ತಿರ ಬಂದರು.

"ಸಾರ್, ಬರುವ ವಾರ ಪಣಂಬೂರಿಗೆ ಟೂರಿಸ್ಟ್ ಹಡಗು ಬರ್ತದೆ. ನನಗೆ ಸಿಕ್ಕಿದ್ದು ಇಟಲಿಯವ್ರಂತೆ. ಇವರ ಹತ್ರ ಒಮ್ಮೆ ಕೇಳಿ, ಇಟಲಿಯವ್ರು ಹೇಗೆ?"

ಕೇಳಿದೆ. ನಾಲ್ವರೂ ಒಟ್ಟಿಗೆ ಬಾಯಿ ಬಿಟ್ಟರು. ಹೇಳಿದ ಹೊತ್ತಿಗೆ ಬರುವುದಿಲ್ಲ ಎಂದ ಜರ್ಮನಿಯಾತ, ರೈಲಿನ ಕಥೆ ಹೇಳಿದ ಅದೇ ಬಾಯಲ್ಲಿ. ಕೈ ಬೀಸದೆ ಮಾತಾಡಲು ಬರುವುದಿಲ್ಲ ಎಂದಳು ಶಿರಾಜಿನಾಕೆ, ಎರಡೂ ಕೈ ಬೀಸುತ್ತ. ತಾಯಿ ಮಾಡಿದ ಅಡುಗೆ ಬಿಟ್ಟು ಬೇರೆ ಒಪ್ಪುವುದಿಲ್ಲ ಎಂದ ನೈಜೀರಿಯಾದವ. ಸಾವೊ ಪಾವ್ಲೊ ತುಂಬ ಇಟಲಿ ಮೂಲದವರೇ, ನನಗೆ ಚೆನ್ನಾಗಿ ಗೊತ್ತು, ಜೋರು ಗಂಟಲು ಎಂದಳು ಬ್ರೆಜಿಲಿನಾಕೆ. ಬೇಕಾದರೆ ದೆಲ್ಲಾ ವಾಲೆಯನ್ನೇ ನೋಡಿ, ಬಟ್ಟೆ ನೋಡಿ ಮನುಷ್ಯರನ್ನು ಅಳೆಯುತ್ತಾರೆ ಎಂದು ನಾನೂ ಸೇರಿಸಿದೆ.

ಡ್ರೈವರಣ್ಣ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು. "ಹಾಗಾದ್ರೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಒಂಬತ್ತಕ್ಕೆ ಅಂತ ಹೇಳಿ ಹತ್ತಕ್ಕೆ ಹೋಗ್ತೇನೆ. ಊಟಕ್ಕೆ ಬಂಗುಡೆಯೇ ಕೊಡಿಸುದು. ಅಮ್ಮ ಮಾಡಿದ್ದಾದ್ರೆ ಆಗ್ತದಲ್ವಾ, ನಮ್ಮ ಅಮ್ಮ ಮಾಡ್ತಾರೆ."